ನಾಲ್ಕನೆಯ ಟ್ರೈಲರಿನ ಚಕ್ರ

ಹುಬ್ಬಳ್ಳಿಯ ರೈಲ್ವೆ ಯಾರ್ಡಿನಲ್ಲಿ ನಾನು ಹನ್ನೊಂದು ವರ್ಷ ಗೂಡ್ಸ್ ಗಾಡಿಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ. ಗಾಡಿ ಬಂದು ನಿಂತ ಕೂಡಲೇ ಸುತ್ತಿಗೆ ಹಿಡಿದು ಇಂಜಿನ್ನಿನಿಂದ ಗಾರ್ಡ್ ಡಬ್ಬಿಯವರೆಗೆ ನಡೆಯಬೇಕು. ಚಕ್ರಕ್ಕೆ ಬಡಿದು ಸದ್ದು ಕೇಳಬೇಕು, ಅಚ್ಚಿನ ಪೆಟ್ಟಿಗೆಗೆ ಕೈಯ ಹಿಂಭಾಗ ತಾಗಿಸಿ ಬಿಸಿ ನೋಡಬೇಕು, ಬ್ರೇಕು ಬಿಗಿದಿದ್ದರೆ ಅಡಿಗೆ ನುಗ್ಗಿ ಸಡಿಲಿಸಬೇಕು. ತಿಂಗಳಿಗೆ ಒಂದೆರಡು ಸಲ ಮಿಲಿಟರಿ ಸಾಮಾನಿನ ವ್ಯಾಗನ್ನುಗಳು ಬರುತ್ತಿದ್ದವು. ಬಾಗಿಲಿಗೆ ಸೀಸದ ಸೀಲು, ಪಕ್ಕಕ್ಕೆ ಕೆಂಪು ಚೀಟಿ. ಒಳಗೆ ಮದ್ದುಗುಂಡು ಇದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಇಂಜಿನ್ನಿಗೂ ಅವುಗಳಿಗೂ ನಡುವೆ ಬೇರೆ ವ್ಯಾಗನ್ನುಗಳನ್ನು ಅಡ್ಡ ಇಟ್ಟಿರುತ್ತಿದ್ದರು, ಬಂದೂಕಿನ ಜವಾನರು ಇಳಿದು ಎರಡೂ ಬದಿ ನಿಲ್ಲುತ್ತಿದ್ದರು. ಅಷ್ಟರಿಂದಲೇ ನಮಗೆ ತಿಳಿಯುತ್ತಿತ್ತು. ಅಂಥ ವ್ಯಾಗನ್ನು ನಿಂತ ಲೈನಿಗೆ ಬೇರೆ ವ್ಯಾಗನ್ನನ್ನು ಇಂಜಿನ್ನಿಲ್ಲದೆ ಉರುಳಿಸಿ ಬಿಡಬಾರದು ಎನ್ನುವುದು ಕಟ್ಟುನಿಟ್ಟಿನ ನಿಯಮ.

ಒಂದು ಮಧ್ಯಾಹ್ನ ಆ ನಿಯಮ ತಪ್ಪಿತು. ಹಳಿ ಬದಲಿಸುವ ಪಾಯಿಂಟು ತಪ್ಪಾಗಿ ಬಿದ್ದು, ಪಕ್ಕದ ಲೈನಿಗೆ ಹೋಗಬೇಕಿದ್ದ ಒಂದು ಖಾಲಿ ವ್ಯಾಗನ್ನು ನಮ್ಮ ಲೈನಿಗೆ ಉರುಳಿ ಬಂದು ಮಿಲಿಟರಿ ಗಾಡಿಯ ಬಾಲಕ್ಕೆ ಬಡಿಯಿತು. ಆಗ ನಾನು ಕೆಂಪು ಚೀಟಿಯ ವ್ಯಾಗನ್ನಿನ ಅಡಿಯಲ್ಲಿ ಅರ್ಧ ದೇಹ ತೂರಿಸಿಕೊಂಡಿದ್ದೆ. ಆ ಹೊಡೆತ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಧಡ್ ಧಡ್ ಎಂದು ಸಾಗಿ ಬಂದು ನನ್ನ ತಲೆಯ ಮೇಲೆ ಹಾದುಹೋಯಿತು. ಏನೂ ಆಗಲಿಲ್ಲ. ಒಬ್ಬ ಜವಾನನ ಕೈಯಿಂದ ಊಟದ ಡಬ್ಬಿ ಬಿದ್ದು ಸಾರು ಜಲ್ಲಿಯ ಮೇಲೆ ಚೆಲ್ಲಿತು, ಅಷ್ಟೇ. ಆದರೆ ಮೂರು ದಿನ ನನ್ನಿಂದ ಚಹಾದ ಬಸಿ ಹಿಡಿಯಲಾಗಲಿಲ್ಲ. ಆಮೇಲೆ ಕೆಂಪು ಚೀಟಿ ಕಂಡರೆ ಅಡಿಗೆ ನುಗ್ಗುವ ಮುಂಚೆ ಹಿಂದಿನ ಪಾಯಿಂಟನ್ನು ಎರಡೆರಡು ಸಲ ನೋಡಿ ಬರುತ್ತಿದ್ದೆ.

ಅಬುಧಾಬಿಯಲ್ಲಿದ್ದ ಅಕ್ಕನ ಗಂಡ ವೀಸಾ ಕಳಿಸುತ್ತೇನೆಂದಾಗ ಮನೆಯಲ್ಲಿ ಎಲ್ಲರೂ ಬೈದರು. ರೈಲ್ವೆಯ ಕಾಯಂ ನೌಕರಿ ಬಿಡುವವನಿಗೆ ಹುಚ್ಚು ಎಂದರು. ಭಾವ ಮಾತಿನ ನಡುವೆ, ‘ಇಲ್ಲಿ ರೈಲ ಅನ್ನೂದಽ ಇಲ್ಲ ನೋಡು’ ಎಂದಿದ್ದರು. ನಾನು ಹೊರಟಿದ್ದು ಆ ಒಂದು ಮಾತಿಗೆ. ಇದು ತೊಂಬತ್ತರ ದಶಕದ ನಡುವಿನ ಸಂಗತಿ.

ನನ್ನನ್ನು ತೆಗೆದುಕೊಂಡಿದ್ದು ಭಾರಿ ಟ್ರೈಲರುಗಳನ್ನು ಓಡಿಸುವ ಒಂದು ಸಾಗಣೆ ಕಂಪನಿ. ಮೊದಲ ದಿನ ಮ್ಯಾನೇಜರು ನನ್ನ ಅರ್ಜಿಯನ್ನು ಓದುತ್ತಾ ಓದುತ್ತಾ ಒಂದು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಮಿಲಿಟರಿ ವ್ಯಾಗನ್ನುಗಳನ್ನು ಪರೀಕ್ಷಿಸಿದ ಅನುಭವ ಇದೆ ಎಂದು ನಾನೇ ಹೆಮ್ಮೆಯಿಂದ ಬರೆದ ಸಾಲು ಅದು. ಅವರು ಮುಂಬೈ ಕಡೆಯವರು. ‘ನಿಮ್ಮಂಥವರನ್ನೇ ಹುಡುಕುತ್ತಿದ್ದೆ’ ಎಂದು ಕೈ ಕುಲುಕಿದರು. ಕಂಪನಿಗೆ ಆಗಷ್ಟೇ ಒಂದು ಗುತ್ತಿಗೆ ಸಿಕ್ಕಿತ್ತು. ಕರಾವಳಿಯ ಉಗ್ರಾಣವೊಂದರಲ್ಲಿ ಅವಧಿ ಮೀರಿದ ಮದ್ದುಗುಂಡು, ಫಿರಂಗಿಗೆ ತುಂಬುವ ಮದ್ದಿನ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಅವುಗಳನ್ನು ಮದೀನತ್ ಜಾಯೆದ್ ಎಂಬ ಊರು ದಾಟಿ ಮರಳುಗಾಡಿನ ಒಳಗೆ, ತಜ್ಞರು ಹಳ್ಳ ತೋಡಿ ಸುಡುವ ಜಾಗಕ್ಕೆ ಮುಟ್ಟಿಸಬೇಕು. ಹೊರಡುವ ಮುಂಚೆ ಪ್ರತಿ ಟ್ರೈಲರಿನ ಟೈರು, ಬ್ರೇಕು, ಕಟ್ಟಿದ ಬೆಲ್ಟು, ಸೀಲು ನೋಡಿ ಸಹಿ ಹಾಕುವವನು ನಾನು. ಆಮೇಲೆ ಒಂದು ಪಿಕಪ್ಪಿನಲ್ಲಿ ಅವುಗಳ ಬೆನ್ನಿಗೆ ಹೋಗುವವನೂ ನಾನೇ.

ಬೇಡ ಎನ್ನಲು ಬಾಯಿ ಬರಲಿಲ್ಲ. ಪಾಸ್‌ಪೋರ್ಟು ಆಗಲೇ ಅವರ ಕಪಾಟಿನಲ್ಲಿತ್ತು, ಇನ್ನು ಆರು ತಿಂಗಳಿಗೆ ಹೆಂಡತಿ ಮಗಳು ಬರುವವರಿದ್ದರು.

ಟ್ರೈಲರುಗಳು ಹೊರಡುತ್ತಿದ್ದುದು ಶುಕ್ರವಾರ ಬೆಳಗಾದ ಮೇಲೆ. ರಜೆಯ ದಿನ ರಸ್ತೆ ಖಾಲಿ ಇರುತ್ತದೆ, ಮಧ್ಯಾಹ್ನದ ನಮಾಜಿನೊಳಗೆ ಮುಟ್ಟಬಹುದು ಎಂಬ ಲೆಕ್ಕ. ಮುಂದೊಂದು ಹಿಂದೊಂದು ಸೇನೆಯ ಗಾಡಿ, ನಡುವೆ ದೂರ ದೂರ ನಾಲ್ಕು ಟ್ರೈಲರು. ಪ್ರತಿ ಸಲವೂ ಗುರುವಾರ ಸಂಜೆಯಿಂದಲೇ ನನಗೆ ಅನ್ನ ಸೇರುತ್ತಿರಲಿಲ್ಲ. ತಿಂದರೆ ವಾಂತಿಯಾಗುತ್ತಿತ್ತು. ನಾನು ಗುರುವಾರದ ಉಪವಾಸ ಹಿಡಿದಿದ್ದೇನೆಂದು ಹೆಂಡತಿ ತಿಳಿದಳು. ಟ್ರೈಲರಿನಲ್ಲಿ ಮಶೀನಿನ ಬಿಡಿಭಾಗ ಇರುತ್ತವೆ ಎಂದು ಅವಳಿಗೆ ಹೇಳಿದ್ದೆ. ಆರು ವರ್ಷದ ಮಗಳು ಮಾತ್ರ ತಟ್ಟೆಯ ಮುಂದೆ ಕೂತು, ‘ಅಪ್ಪಾ, ವೈ ಆರ್ ಯು ನಾಟ್ ಈಟಿಂಗ್?’ ಎಂದು ಪ್ರತಿ ಗುರುವಾರವೂ ಕೇಳುತ್ತಿದ್ದಳು.

ಹೀಗೆ ಒಂದು ವರ್ಷದ ಮೇಲೆ ನಡೆಯಿತು.

ನಾಲ್ಕನೆಯ ಟ್ರೈಲರಿನ ಡ್ರೈವರು ಪೇಶಾವರ ಕಡೆಯ ಪಠಾಣ. ಐವತ್ತು ದಾಟಿದವನು, ಗಡ್ಡಕ್ಕೆ ಮದರಂಗಿ ಬಳಿದವನು. ನನ್ನ ಹುಬ್ಬಳ್ಳಿಯ ಉರ್ದು ಕೇಳಿ ನಗುತ್ತಿದ್ದ. ನಾನು ಅವನನ್ನು ಚಾಚಾ ಎನ್ನುತ್ತಿದ್ದೆ, ಅವನು ನನ್ನನ್ನು ಬಾಬು ಎನ್ನುತ್ತಿದ್ದ. ಆಗಸ್ಟಿನ ಒಂದು ಗುರುವಾರ ಅವನು ಬಂದು, ‘ಬಾಬು, ಹಿಂದಿನ ಅಚ್ಚಿನ ಎಡಗಡೆ ಚಕ್ರದ ಬ್ರೇಕು ಹಿಡಿದುಕೊಳ್ಳುತ್ತಿದೆ’ ಎಂದ. ನಾನು ರಿಜಿಸ್ಟರಿನಲ್ಲಿ ಬರೆದುಕೊಂಡೆ. ಸಂಜೆ ಮ್ಯಾನೇಜರು ಫೋನಿನಲ್ಲಿ, ವರ್ಕ್‌ಶಾಪಿನವರು ಸರಿಮಾಡಿದ್ದಾರೆ ಎಂದರು.

ಮರುದಿನ ಬೆಳಿಗ್ಗೆ ನಾನು ಮಾಡಬೇಕಾದದ್ದು ಒಂದೇ. ಜ್ಯಾಕ್ ಕೊಟ್ಟು ಆ ಚಕ್ರವನ್ನು ನೆಲದಿಂದ ಎತ್ತಿ, ಕೈಯಿಂದ ತಿರುಗಿಸಿ, ಅದು ಸಲೀಸಾಗಿ ಸುತ್ತುತ್ತದೆಯೇ ನೋಡುವುದು. ಜ್ಯಾಕ್ ಇನ್ನೊಂದು ಶೆಡ್ಡಿನಲ್ಲಿತ್ತು. ತರಿಸಲು ಅರ್ಧ ಗಂಟೆ ಬೇಕಿತ್ತು. ಸೇನೆಯ ಅಧಿಕಾರಿ, ಇನ್ನೂ ಮೀಸೆ ದಟ್ಟವಾಗದ ಯುವಕ, ಗಡಿಯಾರ ನೋಡಿ ‘ಯಲ್ಲಾ, ಯಲ್ಲಾ’ ಎಂದು ಅವಸರ ಮಾಡುತ್ತಿದ್ದ. ಅವನ ಮೇಲೆ ತಪ್ಪು ಹೊರಿಸಲಾರೆ. ನಾನು ಕೇಳಿದ್ದರೆ ಅರ್ಧ ಗಂಟೆ ಕೊಡುತ್ತಿದ್ದ. ಆ ಪೆಟ್ಟಿಗೆಗಳ ಪಕ್ಕ ಇನ್ನೂ ಅರ್ಧ ಗಂಟೆ ನಿಲ್ಲುವುದು ನನಗೇ ಬೇಡವಾಗಿತ್ತು. ಬೇಗ ಹೊರಟು ಬೇಗ ಮುಗಿದರೆ ಸಾಕಾಗಿತ್ತು. ಚಕ್ರ ನೆಲದ ಮೇಲಿದ್ದಂತೆಯೇ ಸಹಿ ಹಾಕಿದೆ.

ತರೀಫ್ ಹತ್ತಿರ ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿದ ಸ್ವಲ್ಪ ಹೊತ್ತಿಗೆ ಪಿಕಪ್ಪಿನ ಎ.ಸಿ. ಕಿಂಡಿಯಿಂದ ಆ ವಾಸನೆ ಬಂತು. ಬಿಸಿಯಾದ ಕಬ್ಬಿಣ, ಸುಟ್ಟ ಗ್ರೀಸು. ಹನ್ನೊಂದು ವರ್ಷ ಮೂಗಿಗೆ ಹತ್ತಿದ್ದ ವಾಸನೆ. ನನ್ನ ಗಾಡಿಯದೇ ಇರಲಿ ದೇವರೇ ಎಂದುಕೊಂಡು ಪಿಕಪ್ಪಿನ ಮೀಟರು ನೋಡಿದೆ. ಎಲ್ಲ ಸರಿಯಿತ್ತು. ಮುಂದೆ ನಾಲ್ಕನೆಯ ಟ್ರೈಲರು. ಅದರ ಹಿಂದಿನ ಎಡ ಚಕ್ರದಿಂದ ನೀಲಿ ಹೊಗೆಯ ಎಳೆಯೊಂದು ಹೊರಟು ರಸ್ತೆಯ ಮೇಲೆ ಚದುರುತ್ತಿತ್ತು.

ವೈರ್‌ಲೆಸ್ ಕೈಗೆತ್ತಿಕೊಂಡೆ. ನಿಲ್ಲಿಸು ಎಂದು ಹೇಳಲು ಬಾಯಿ ತೆರೆದವನು ಎದುರಿಗೆ ನೋಡಿದೆ. ಬಲಗಡೆ ಪೆಟ್ರೋಲ್ ಬಂಕು. ಅದರ ಅಂಗಳದಲ್ಲಿ ಕೂಲಿಯವರ ಎರಡು ಬಸ್ಸು ನಿಂತಿದ್ದವು, ರಜೆಯ ದಿನ ಅಂಗಡಿ ಬೀದಿಗೆ ಹೊರಟಿದ್ದವರು ಇಳಿದು ಚಹಾ ಕುಡಿಯುತ್ತಿದ್ದರು. ಕೆಫೆಟೀರಿಯದ ಮಲಯಾಳಿ ಹುಡುಗ ತಟ್ಟೆಯಲ್ಲಿ ಲೋಟ ಹೊತ್ತು ಒಂದು ಕಾರಿನ ಕಡೆಗೆ ಓಡುತ್ತಿದ್ದ. ಪುಟ್ಟ ಮಸೀದಿಯ ನೆರಳಿನಲ್ಲಿ ಯಾವುದೋ ಕುಟುಂಬ ಚಾಪೆ ಹಾಸಿತ್ತು. ನಾನು ‘ನಿಲ್ಲಿಸು’ ಎಂದರೆ ಚಾಚಾ ನಿಲ್ಲಿಸುವುದು ಇವರ ಎದುರಿಗೇ.

‘ಚಾಚಾ, ನಿಲ್ಲಿಸಬೇಡ. ನಿನ್ನ ಚಕ್ರದಿಂದ ಹೊಗೆ ಬರ್ತಿದೆ. ನಿಲ್ಲಿಸಬೇಡ. ಬಂಕು ದಾಟಿಸು.’

ಗರಗರ ಸದ್ದು. ಆಮೇಲೆ ಅವನ ದನಿ. ‘ಎಷ್ಟು ದೂರ ಬಾಬು?’

‘ನಾನು ಹೇಳೋವರೆಗೂ.’

ಬಿಗಿದ ಬ್ರೇಕಿನಲ್ಲಿ ಓಡಿಸಿದಷ್ಟೂ ಬಿಸಿ ಏರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಾನು ಆ ಮನುಷ್ಯನನ್ನು ಉರಿಯುವ ಚಕ್ರದ ಮೇಲೆ ಓಡಿಸುತ್ತಿದ್ದೆ. ಬಂಕನ್ನು ಹಾದುಹೋಗುವಾಗ ಚಾಪೆಯ ಮೇಲಿದ್ದ ಒಂದು ಮಗು ದೊಡ್ಡ ಗಾಡಿ ಕಂಡ ಖುಷಿಗೆ ಕೈ ಬೀಸಿತು. ಒಂದು, ಎರಡು, ಮೂರು ಎಂದು ವಿದ್ಯುತ್ ಕಂಬ ಎಣಿಸುತ್ತಾ ಹೋದೆ. ಬಂಕು ಕನ್ನಡಿಯಲ್ಲಿ ಬೆರಳುಗುರಿನಷ್ಟು ಸಣ್ಣದಾದಾಗ ಹೊಗೆಯ ಬುಡದಲ್ಲಿ ಕೆಂಪು ಕಂಡಿತು. ಟೈರಿಗೆ ಬೆಂಕಿ ಹತ್ತಿತ್ತು.

‘ನಿಲ್ಲಿಸು!’

ಚಾಚಾ ಟ್ರೈಲರನ್ನು ರಸ್ತೆಯಿಂದ ಪಕ್ಕದ ಗಟ್ಟಿ ಮರಳಿಗೆ ಇಳಿಸಿ ನಿಲ್ಲಿಸಿದ. ಅಧಿಕಾರಿಯ ದನಿ ವೈರ್‌ಲೆಸ್ಸಿನಲ್ಲಿ ಒಡೆದು ಬಂತು. ಉಳಿದ ಟ್ರೈಲರುಗಳು ನಿಲ್ಲದೆ ಮುಂದೆ ಹೋಗಲಿ, ಹಿಂದಿನ ಸೇನೆಯ ಗಾಡಿ ರಸ್ತೆ ಮುಚ್ಚಿ ಬಂಕನ್ನು ಖಾಲಿ ಮಾಡಿಸಲಿ, ನೀವಿಬ್ಬರೂ ಬಿಟ್ಟು ಓಡಿ ಎಂದು. ನಿಯಮವೂ ಅದೇ ಇತ್ತು. ಬೆಂಕಿ ಸರಕಿಗೆ ಮುಟ್ಟುವಂತಿದ್ದರೆ ಓಡಬೇಕು, ಟೈರಿನಲ್ಲಷ್ಟೇ ಇದ್ದರೆ ಆರಿಸಲು ನೋಡಬಹುದು. ಜ್ವಾಲೆಗೂ ಮೇಲಿನ ತಾರ್ಪಾಲಿನ ಅಂಚಿಗೂ ನಡುವೆ ನನ್ನ ಒಂದು ಮೊಳವೂ ಇರಲಿಲ್ಲ. ಬಂಕಿನಿಂದ ಎಲ್ಲರೂ ಹೊರಡಲು ಎಷ್ಟು ಹೊತ್ತು ಬೇಕೋ ಯಾರಿಗೆ ಗೊತ್ತು. ನಾನು ಧೈರ್ಯ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಚಾಚಾ ಆಗಲೇ ಬೆಂಕಿ ಆರಿಸುವ ಸಿಲಿಂಡರು ಎತ್ತಿಕೊಂಡು ಹಿಂದಕ್ಕೆ ಓಡಿ ಬರುತ್ತಿದ್ದ. ಅವನು ಬರುತ್ತಿರುವಾಗ ನಾನು ಓಡಿಹೋಗಲು ನಾಚಿಕೆಯಾಯಿತು.

ಬಿಳಿ ಪುಡಿ ಬಿದ್ದು ಜ್ವಾಲೆ ಅಡಗಿತು. ಹತ್ತೆಣಿಸುವಷ್ಟರಲ್ಲಿ ಭಗ್ ಎಂದು ಮತ್ತೆ ಎದ್ದಿತು. ನನ್ನ ಪಿಕಪ್ಪಿನ ಸಿಲಿಂಡರೂ ಮುಗಿಯಿತು. ಆಮೇಲೆ ಮರಳು. ಒಂದೇ ಸಲಿಕೆ ಇತ್ತು, ಅದು ಚಾಚಾನ ಕೈಯಲ್ಲಿ, ನಾನು ಬೊಗಸೆಯಿಂದ ಎರಚುತ್ತಿದ್ದೆ. ಜ್ವಾಲೆ ಕುಗ್ಗಿತು. ಆದರೆ ಒಳಗಿನ ಡ್ರಮ್ಮು ಕೆಂಡದಂತಿತ್ತು. ಬ್ರೇಕು ಅದನ್ನು ಹಿಡಿದುಕೊಂಡೇ ಇದ್ದರೆ ಬಿಸಿ ಇಳಿಯುವುದಿಲ್ಲ, ಟೈರು ಮತ್ತೆ ಹತ್ತಿಕೊಳ್ಳುತ್ತದೆ. ಯಾರಾದರೂ ಅಡಿಗೆ ಹೋಗಿ ಬೋಲ್ಟು ತಿರುಗಿಸಿ ಬ್ರೇಕು ಸಡಿಲಿಸಬೇಕು. ಹುಬ್ಬಳ್ಳಿಯಲ್ಲಿ ಸಾವಿರ ಸಲ ಮಾಡಿದ ಕೆಲಸ.

‘ಸ್ಪ್ಯಾನರ್ ಕೊಡು’ ಎಂದೆ. ಹೇಳಿದ್ದು ನನ್ನದೇ ದನಿ ಎಂದು ತಿಳಿಯಲಿಲ್ಲ.

ಬೆನ್ನ ಮೇಲೆ ಮಲಗಿ ಒಳಗೆ ತೂರಿದೆ. ಮರಳು ಅಂಗಿಯೊಳಗಿನಿಂದ ಸುಡುತ್ತಿತ್ತು. ಮುಖದ ಮೇಲೆ ಒಂದು ಗೇಣು ದೂರದಲ್ಲಿ ಟ್ರೈಲರಿನ ಹಲಗೆ, ಅದರ ಮೇಲೆ ಆ ಪೆಟ್ಟಿಗೆಗಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಸ್ಪ್ಯಾನರು ಬೋಲ್ಟಿನ ಸುತ್ತ ಕಟಕಟ ಬಡಿಯುತ್ತಿತ್ತೇ ಹೊರತು ಕೂರುತ್ತಿರಲಿಲ್ಲ. ಒಮ್ಮೆ ಜಾರಿ ಎದೆಯ ಮೇಲೆ ಬಿತ್ತು. ಆಗ ಯಾರೋ ನನ್ನ ಎಡಗಾಲಿನ ಹರಡು ಹಿಡಿದರು. ಚಾಚಾ. ಬಿಗಿಯಾಗಿ ಹಿಡಿದು, ‘ನಾನಿದ್ದೀನಿ ಬಾಬು, ನಾನಿದ್ದೀನಿ’ ಎನ್ನುತ್ತಲೇ ಇದ್ದ. ಸಾಯುವ ಹೊತ್ತಿನಲ್ಲಿ ಹೆಂಡತಿ ಮಕ್ಕಳ ಮುಖ ಕಾಣುತ್ತದೆ ಎನ್ನುತ್ತಾರೆ. ನನಗೆ ನೆನಪಾದದ್ದು ಮಗಳ ಶಾಲೆಯ ಬೂಟಿನ ಪಟ್ಟಿ ಕಿತ್ತುಹೋಗಿದೆ, ಹೊಲಿಸಬೇಕು ಎನ್ನುವುದು. ಅದನ್ನೇ ಯೋಚಿಸುತ್ತಾ ಬೋಲ್ಟು ಒಳಕ್ಕೊತ್ತಿ ತಿರುಗಿಸಿದೆ. ಅರ್ಧ ಸುತ್ತು. ಇನ್ನರ್ಧ. ಟಕ್ ಎಂದು ಬ್ರೇಕು ಬಿಟ್ಟ ಸದ್ದು ಕೇಳಿತು.

ಆಮೇಲೆ ನಾವಿಬ್ಬರೂ ಎಷ್ಟು ಹೊತ್ತು ಮರಳು ಎರಚಿದೆವೋ ತಿಳಿಯದು. ಹೊಗೆ ನಿಂತಾಗ ಅಧಿಕಾರಿ ತನ್ನ ಗಾಡಿ ತಿರುಗಿಸಿಕೊಂಡು ಬಂದ. ಓಡಿ ಎಂದರೆ ಯಾಕೆ ಓಡಲಿಲ್ಲ ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಕೂಗಾಡಿದ. ಕೂಗಿ ಮುಗಿದ ಮೇಲೆ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಹೋದ, ಆಗಲಿಲ್ಲ. ಚಾಚಾ ತೆಗೆದುಕೊಟ್ಟ. ‘ಖಲಾಸ್’ ಎಂದ ಅಧಿಕಾರಿ, ‘ಖಲಾಸ್, ಖಲಾಸ್’ ಎಂದು ತನಗೇ ಹೇಳಿಕೊಂಡ. ಹೊರಡುವ ಮುಂಚೆ, ನಡೆದದ್ದನ್ನೆಲ್ಲ ಬರೆದು ತನಗೂ ಒಂದು ಪ್ರತಿ ಕೊಡಬೇಕು ಎಂದ.

ಶನಿವಾರ ಬೆಳಿಗ್ಗೆ ಮ್ಯಾನೇಜರು ಕರೆದರು. ಮೇಜಿನ ಮೇಲೆ ವರದಿ ಆಗಲೇ ಟೈಪಾಗಿತ್ತು. ಡ್ರೈವರು ಬ್ರೇಕಿನ ದೋಷವನ್ನು ಮೊದಲೇ ತಿಳಿಸಲಿಲ್ಲ, ರಸ್ತೆಯುದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟು ಓಡಿಸಿದ ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ.

‘ಅವನು ಗುರುವಾರವೇ ಹೇಳಿದ್ದ ಸರ್. ರಿಜಿಸ್ಟರಿನಲ್ಲಿದೆ.’

‘ರಿಜಿಸ್ಟರು ನನ್ನ ಹತ್ತಿರ ಇದೆ. ಅವನನ್ನು ಊರಿಗೆ ಕಳಿಸ್ತೀವಿ, ಮುಗೀತು. ಇಲ್ಲದಿದ್ದರೆ ಚಕ್ರ ಎತ್ತದೇ ಸಹಿ ಹಾಕಿದವರು ಯಾರು ಅಂತ ಪ್ರಶ್ನೆ ಬರುತ್ತೆ. ಅದು ಜೈಲಿನ ಮಾತು. ನಿಮಗೆ ಮಗಳಿದ್ದಾಳೆ ಅಲ್ವಾ?’

ಟ್ರೈಲರಿನ ಅಡಿಯಲ್ಲಿ ಹೆದರಿದ್ದು ಒಂದು ಬಗೆ. ಈ ಹೆದರಿಕೆ ಬೇರೆ. ಇದರಲ್ಲಿ ಕೈ ನಡುಗಲಿಲ್ಲ. ಒಂದು ದಿನ ಕೊಡಿ ಎಂದು ಕೇಳಿ ಮನೆಗೆ ಬಂದೆ.

ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ‘ಯಾಕ್ರಿ, ಇಷ್ಟ ಲಗೂನ ಬಂದ್ರಿ? ಮೈಯಾಗ ಆರಾಮಿಲ್ಲೇನು?’ ಎಂದಳು. ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಮಶೀನಿನ ಬಿಡಿಭಾಗ ಎಂದದ್ದು ಸುಳ್ಳು ಎಂಬಲ್ಲಿಂದ ಶುರುಮಾಡಿ, ಟೈಪಾದ ವರದಿಯವರೆಗೆ. ಅವಳ ಕೈಯಲ್ಲಿದ್ದ ಮಗಳ ಫ್ರಾಕು ಮಡಚಿದ್ದು ಬಿಚ್ಚಿತು, ಮತ್ತೆ ಮಡಚಿಕೊಂಡಿತು.

‘ಒಂದ ವರ್ಷ, ಒಂದ ವರ್ಷ ನನ್ನ ಮುಂದ ಸುಳ್ಳ ಹೇಳ್ಕೋತ ಬಂದೀರಿ. ಹೆಚ್ಚುಕಮ್ಮಿ ಆಗಿದ್ರ ನಾ ಯಾರನ್ನ ಕೇಳಬೇಕಿತ್ರಿ? ಈ ಊರಾಗ ನನಗ ಬಸ್ಸಿನ ನಂಬರ ಸುದ್ದಾ ಗೊತ್ತಿಲ್ಲ’ ಎಂದು ಎದ್ದು ಅಡುಗೆಮನೆಗೆ ಹೋದಳು. ಬಹಳ ಹೊತ್ತು ನಲ್ಲಿಯ ನೀರು ಸುಮ್ಮನೆ ಹರಿಯುವ ಸದ್ದು ಕೇಳಿತು. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು.

‘ಆ ಮನಶ್ಯಾ ಓಡಿ ಹೋಗಲಿಲ್ಲೇನ್ರಿ?’

‘ಇಲ್ಲ.’

‘ಮತ್ತ ನೀವು ಅವನ್ನ ಓಡಸ್ತೀರೇನು?’

‘ಜೈಲಂತಾರ’ ಎಂದೆ.

‘ನನಗೂ ಅಂಜಿಕಿ ಆಗೇದ. ಖರೇ ಏನ ಅದ ಅದನ್ನ ಬರೀರಿ. ಆಮ್ಯಾಲ ಇಬ್ಬರೂ ಕೂಡಿ ಅಂಜೂಣು.’

ಬರೆದೆ. ಡ್ರೈವರು ಹಿಂದಿನ ದಿನ ದೋಷ ತಿಳಿಸಿದ್ದ, ನಾನು ಬರೆದುಕೊಂಡಿದ್ದೆ, ಸರಿಯಾಗಿದೆ ಎಂದು ಮ್ಯಾನೇಜರು ಹೇಳಿದ್ದರು, ನಾನು ಚಕ್ರ ಎತ್ತಿ ನೋಡದೆ ಸಹಿ ಹಾಕಿದೆ. ಒಂದು ಪ್ರತಿ ಕಂಪನಿಗೆ. ಇನ್ನೊಂದನ್ನು ಅಧಿಕಾರಿಯ ಕಚೇರಿಯ ಗೇಟಿನಲ್ಲಿ ಕೊಟ್ಟು ಬಂದೆ. ಮ್ಯಾನೇಜರು ಓದಿ, ಪೆಟ್ಟಿಗೆ ಕಟ್ಟಿಕೊಳ್ಳಿ ಎಂದರು.

ಮುಂದಿನ ಮೂರು ವಾರ ನಾವು ನಿಜಕ್ಕೂ ಇಬ್ಬರೂ ಕೂಡಿ ಹೆದರಿದೆವು. ಬಾಗಿಲು ಬಡಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಮಗಳ ಪುಸ್ತಕಗಳನ್ನು ಹೆಂಡತಿ ಒಂದು ಚೀಲಕ್ಕೆ ತುಂಬಿಟ್ಟಿದ್ದಳು. ಆ ದಿನಗಳಲ್ಲೇ ಒಂದು ಸಂಜೆ ಚಾಚಾ ಮನೆ ಹುಡುಕಿಕೊಂಡು ಬಂದ, ಕೈಯಲ್ಲಿ ಅಕ್ರೋಟದ ಪೊಟ್ಟಣ. ಹೆಂಡತಿ ಚಹಾ ಕೊಟ್ಟು, ನಮ್ಮವರ ಕಾಲು ಹಿಡಿದು ಧೈರ್ಯ ತುಂಬಿದಿರಿ ಎಂದು ತನ್ನ ಹರಕು ಹಿಂದಿಯಲ್ಲಿ ಹೇಳಿದಳು. ಅವನು ತಲೆ ತಗ್ಗಿಸಿದ.

‘ಧೈರ್ಯ ಎಲ್ಲಿಂದ ಬಂತು ಬೇಟಿ? ನನ್ನ ಮೊಣಕಾಲು ಕುಸಿದಿದ್ದವು. ಓಡೋಣ ಅಂದರೆ ಏಳಲಾಗಲಿಲ್ಲ. ಏನಾದರೂ ಹಿಡಿದುಕೊಳ್ಳಬೇಕಿತ್ತು, ಬಾಬುವಿನ ಕಾಲು ಸಿಕ್ಕಿತು.’

ನಾನು ನಕ್ಕೆ. ಆ ಮೂರು ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ಕೊನೆಗೆ ಸೇನೆಯವರು ಕಂಪನಿಯ ರಿಜಿಸ್ಟರನ್ನೇ ತರಿಸಿಕೊಂಡರು. ಗುರುವಾರದ ಪುಟ ಅದರಲ್ಲಿ ಹಾಗೇ ಇತ್ತು. ಹರಿದು ಹಾಕಲು ಮ್ಯಾನೇಜರಿಗೂ ಹೆದರಿಕೆಯಾಗಿತ್ತೇನೋ. ಸಾಗಣೆ ಎರಡು ತಿಂಗಳು ನಿಂತಿತು. ಆಮೇಲೆ ಚಕ್ರ ಎತ್ತಿ ತಿರುಗಿಸುವುದನ್ನು ಸೇನೆಯವನೊಬ್ಬ ಪಕ್ಕದಲ್ಲಿ ನಿಂತು ನೋಡದೆ ಯಾವ ಟ್ರೈಲರೂ ಹೊರಡಬಾರದು ಎಂದಾಯಿತು. ಮ್ಯಾನೇಜರು ಬೇರೆ ಕಂಪನಿಗೆ ಹೋದರು. ಚಾಚಾನ ಕೆಲಸ ಉಳಿಯಿತು. ನನ್ನನ್ನು ಜೈಲಿಗೆ ಹಾಕಲಿಲ್ಲ, ಊರಿಗೂ ಕಳಿಸಲಿಲ್ಲ. ಆ ಕೆಲಸದಿಂದ ತೆಗೆದು ಅಲ್ ಐನ್‌ನ ಡಿಪೋದಲ್ಲಿ ಬಿಡಿಭಾಗಗಳ ಸ್ಟೋರಿಗೆ ಹಾಕಿದರು. ಫಿಲ್ಟರು, ಬೆಲ್ಟು, ಬೇರಿಂಗು. ಅಲ್ಲಿ ಹೋದ ಮೊದಲ ಗುರುವಾರ ರಾತ್ರಿ ಎರಡು ರೊಟ್ಟಿ ತಿಂದೆ.

ಅದಾಗಿ ಸುಮಾರು ಹತ್ತು ವರ್ಷಕ್ಕೆ, ಈ ದೇಶದಲ್ಲೂ ರೈಲು ಹಾಕುವ ಮಾತು ಎದ್ದಿತು. ಸಲಹೆ ಕೊಡುವ ಒಂದು ಕಚೇರಿಯವರು ಯಾರಿಂದಲೋ ನನ್ನ ಹಳೆಯ ಕೆಲಸದ ಸುದ್ದಿ ಕೇಳಿ ಅಬುಧಾಬಿಗೆ ಕರೆಸಿಕೊಂಡರು. ಅಪಾಯದ ಸಾಮಾನು, ಸೇನೆಯ ಸಾಮಾನು ರೈಲಿನಲ್ಲಿ ಹೇಗೆ ಸಾಗಿಸುತ್ತಿದ್ದಿರಿ ಎಂದು ಎರಡು ದಿನ ಕೇಳಿದರು. ಮೈಸೂರಿನ ಒಬ್ಬ ಯುವ ಎಂಜಿನಿಯರು ಬರೆದುಕೊಳ್ಳುತ್ತಿದ್ದ. ನಡುವೆ ಇಡುವ ವ್ಯಾಗನ್ನುಗಳು, ಶಂಟಿಂಗಿನ ನಿಯಮ, ಸೀಲು, ಕಾವಲು, ಊರಿನ ಹತ್ತಿರ ನಿಲ್ಲದಂತೆ ವೇಳಾಪಟ್ಟಿ ಮಾಡುವುದು, ನೆನಪಿದ್ದದ್ದನ್ನೆಲ್ಲ ಹೇಳಿದೆ. ಎರಡನೆಯ ದಿನ ಮಧ್ಯಾಹ್ನ ಅವನ ಮೇಲಧಿಕಾರಿ ಬಂದು, ಲೈನು ಶುರುವಾದ ಮೇಲೆ ಪರೀಕ್ಷಕರನ್ನು ತಯಾರು ಮಾಡಲು ನೀವೇ ಬನ್ನಿ ಎಂದು ಕೇಳಿದರು. ಒಳ್ಳೆಯ ಹುದ್ದೆ. ಬೇಡ ಎಂದೆ. ಕಾರಣ ಕೇಳಿದರು. ವಯಸ್ಸಾಯಿತು, ಮಗಳ ಓದು ಎಂದು ಏನೇನೋ ಬಾಯಿಗೆ ಬಂತು. ಅವೆಲ್ಲ ಬಿಟ್ಟು, ‘ನನಗೆ ಹೆದರಿಕೆಯಾಗುತ್ತೆ ಸರ್’ ಎಂದೆ.

ಮೇಲಧಿಕಾರಿ ಎದ್ದು ಹೊರಗೆ ಹೋದರು. ಹುಡುಗ ಮಾತ್ರ ಪೆನ್ನು ಹಿಡಿದುಕೊಂಡೇ ಕೂತಿದ್ದ.

‘ಅದನ್ನೂ ಬರ್ಕೊಳ್ಳಾ ಸರ್?’ ಎಂದ.

‘ಬರ್ಕೊಳಪಾ’ ಎಂದೆ.